ನೇಮ ಹಿಡಿದ ಸ್ನೇಹ: ರಾಮನಗರದಲ್ಲಿ ಕೂತು ಮೊಗ್ಲಿಂಗರನ್ನು ನೆನೆದಾಗ

ವಾರಾಣಸಿಯ ರಾಮನಗರದಲ್ಲಿ ನಮ್ಮದೊಂದು ಬಾಡಿಗೆ ಮನೆ. ಗಂಗೆಯ ಆಚೆ ದಡದಲ್ಲಿ ಕಾಶಿಯ ಘಾಟ್‌ಗಳು, ಈಚೆ ದಡದಲ್ಲಿ ಕಾಶೀರಾಜರ ಕೋಟೆ ಮತ್ತು ನಾವು. ಹೆಂಡತಿಗೆ ಆಚೆ ದಡದ ಆಸ್ಪತ್ರೆಯೊಂದರಲ್ಲಿ ಕೆಲಸ. ನಾನು ಬೆಂಗಳೂರಿನ ಕಂಪನಿಗೆ ಮನೆಯಲ್ಲೇ ಕೂತು ಕೋಡ್ ಬರೆಯುವವನು. ಅವಳು ಬೆಳಿಗ್ಗೆ ಸಾಮ್ನೇ ಘಾಟ್ ಸೇತುವೆ ದಾಟಿ ಹೋದರೆ ಸಂಜೆ ಬರುತ್ತಾಳೆ. ನನ್ನ ಮೀಟಿಂಗ್‌ಗಳು ಶುರುವಾಗುವುದೇ ಆಗ. ಒಂದೇ ಮನೆಯಲ್ಲಿದ್ದೂ ಫೋನಿನ ಕ್ಯಾಲೆಂಡರ್ ನೋಡಿ ಮಾತಾಡುವ ಗಂಡ ಹೆಂಡತಿ ನಾವು.

ರಾಮನಗರಕ್ಕೆ ಹೆಸರು ಬಂದಿರುವುದು ಇಲ್ಲಿನ ರಾಮಲೀಲೆಯಿಂದ. ಅನಂತ ಚತುರ್ದಶಿಯಿಂದ ಶುರುವಾಗಿ 31 ದಿನ ನಡೆಯುತ್ತದೆ. ಮೈಕ್ ಇಲ್ಲ, ವಿದ್ಯುತ್ ದೀಪವಿಲ್ಲ, ಪಂಜು ಮತ್ತು ಪೆಟ್ರೋಮ್ಯಾಕ್ಸ್ ಬೆಳಕಷ್ಟೆ. ವೇದಿಕೆಯೂ ಒಂದೇ ಅಲ್ಲ. ಅಯೋಧ್ಯೆ ಒಂದು ಕಡೆ, ಜನಕಪುರ ಇನ್ನೊಂದು ಕಡೆ, ಲಂಕೆ ಊರಾಚೆ. ರಾಮ ನಡೆದಲ್ಲಿಗೆ ಜನರೂ ನಡೆಯುತ್ತಾರೆ. ತಿಂಗಳಿಡೀ ಒಂದು ದಿನವೂ ತಪ್ಪಿಸದೆ ಬರುವವರನ್ನು ಇಲ್ಲಿ ನೇಮಿಗಳು ಎನ್ನುತ್ತಾರೆ. ನಮ್ಮ ಭಾಷೆಯ ನೇಮವೇ ಅದು. ನಮ್ಮ ಮನೆ ಮಾಲೀಕರು ಅಂಥ ಒಬ್ಬ ನೇಮಿ. ನಾನು ಅವರನ್ನು ಬಾಬೂಜಿ ಎನ್ನುತ್ತೇನೆ. ಸಂಜೆಯಾದರೆ ಕಂಕುಳಲ್ಲಿ ರಾಮಚರಿತಮಾನಸದ ಪುಸ್ತಕ, ಕೈಯಲ್ಲಿ ಟಾರ್ಚ್ ಮತ್ತು ಪುಟ್ಟ ಆಸನ ಹಿಡಿದು ಹೊರಟುಬಿಡುತ್ತಾರೆ. ಹಿಂದಿನ ವರ್ಷ ನೋಡಿದ ಕಥೆಯನ್ನೇ ಪ್ರತಿ ವರ್ಷ ನೋಡಲು ಬೇಸರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಹೊಸದು ನೋಡಲು ಹೋಗುವುದಿಲ್ಲ, ಬರುತ್ತೇನೆಂದು ಮಾತು ಕೊಟ್ಟಿದ್ದೇನಲ್ಲ, ಅದಕ್ಕೆ ಹೋಗುತ್ತೇನೆ ಎಂಬರ್ಥದ ಉತ್ತರ ಕೊಟ್ಟರು.

ಆ ಉತ್ತರ ನನಗೆ ಚುಚ್ಚಿತು. ಕಾರಣ ಹೇಳುತ್ತೇನೆ.

ಎಂಟೆಕ್ ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಕೊಡಗಿನವ. ಎರಡು ವರ್ಷ ಒಂದೇ ಕೋಣೆ, ಒಂದೇ ಬಕೆಟ್, ತಿಂಗಳ ಕೊನೆಯಲ್ಲಿ ಒಂದೇ ಪ್ಲೇಟ್ ಬಿರಿಯಾನಿ. ನನಗೆ ಡೆಂಗಿ ಬಂದಾಗ ಅವನ ಅಪ್ಪ ಊರಿನಿಂದ ಬಸ್ಸಿನಲ್ಲಿ ಬಂದು ಮೂರು ದಿನ ಆಸ್ಪತ್ರೆಯಲ್ಲಿ ಕೂತಿದ್ದರು. ನಾನು ಅವರನ್ನೂ ಅಪ್ಪ ಎಂದೇ ಕರೆಯುತ್ತಿದ್ದೆ. ಕಳೆದ ವರ್ಷ ಅವರು ತೀರಿಕೊಂಡರು. ಸುದ್ದಿ ಬಂದದ್ದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ನಾನೊಂದು ಮೀಟಿಂಗ್‌ನಲ್ಲಿದ್ದೆ. ಕೈಮುಗಿದ ಚಿತ್ರ ಒತ್ತಿ, ಪ್ರಾರ್ಥಿಸುತ್ತೇನೆ ಎಂದು ಬರೆದು ಮತ್ತೆ ಸ್ಕ್ರೀನ್‌ಗೆ ಮರಳಿದೆ. ಸಂಜೆ ಫೋನ್ ಮಾಡಬೇಕೆಂದುಕೊಂಡೆ, ಮಾಡಲಿಲ್ಲ. ವಾರ ಕಳೆದ ಮೇಲೆ ಮಾಡಲು ಸಂಕೋಚ, ತಿಂಗಳಾದ ಮೇಲೆ ನಾಚಿಕೆ. ನಿಜ ಹೇಳಬೇಕೆಂದರೆ ಆ ರಾತ್ರಿ ನಾನು ಪ್ರಾರ್ಥನೆಯನ್ನೂ ಮಾಡಿರಲಿಲ್ಲ.

ನಾನು ಮಂಗಳೂರಿನ ಸಿಎಸ್‌ಐ ಸಭೆಯಲ್ಲಿ ಬೆಳೆದವನು. ನಮ್ಮ ಹಿರಿಯರೆಲ್ಲ ಬಾಸೆಲ್ ಮಿಷನ್ನಿನ ಕಾಲದವರು. ಭಾನುವಾರದ ಶಾಲೆಯಲ್ಲಿ ನಮಗೆ ಕಲಿಸಿದ ದೊಡ್ಡ ಪದ ಒಡಂಬಡಿಕೆ. ದೇವರು ಮನುಷ್ಯನೊಂದಿಗೆ ಮಾಡಿಕೊಂಡದ್ದು, ರೂತಳು ಅತ್ತೆ ನೊವೊಮಿಯೊಂದಿಗೆ ಮಾಡಿಕೊಂಡದ್ದು, ದಾವೀದ ಮತ್ತು ಯೋನಾತಾನ ಮಾಡಿಕೊಂಡದ್ದು. ಮನಸ್ಸಾದಾಗ ಮಾಡುವ ಪ್ರೀತಿಯಲ್ಲ, ಮಾತು ಕೊಟ್ಟು ಮಾಡುವ ಪ್ರೀತಿ ಅದು. ಬಾಬೂಜಿ ಹೇಳಿದ ನೇಮಕ್ಕೂ ನಮ್ಮ ಒಡಂಬಡಿಕೆಗೂ ನಡುವೆ ಗಂಗೆಯಷ್ಟು ಅಗಲವೇನಿಲ್ಲ ಎನಿಸಿತು. ಆ ರಾತ್ರಿ ನನಗೆ ನೆನಪಾದವರು ಹರ್ಮನ್ ಮೊಗ್ಲಿಂಗ್.

ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಅವರ ಹೆಸರನ್ನು ನೀವೂ ಕೇಳಿರುತ್ತೀರಿ. ಕನ್ನಡದ ಮೊದಲ ಪತ್ರಿಕೆ ತಂದವರು ಎಂಬಲ್ಲಿಗೆ ನಮ್ಮ ಪರಿಚಯ ಮುಗಿಯುತ್ತದೆ. ನನ್ನ ಕಣ್ಣಿಗೆ ಈಗ ಕಾಣುವುದು ಇನ್ನೊಬ್ಬ ಮೊಗ್ಲಿಂಗ್. ಹುಟ್ಟಿದ ಊರಿನಿಂದ ಸಾವಿರಾರು ಮೈಲಿ ದೂರ ಬಂದು, ಇವರು ನನ್ನವರು ಎಂದು ಒಬ್ಬೊಬ್ಬರನ್ನೇ ತೀರ್ಮಾನ ಮಾಡಿ ಹಚ್ಚಿಕೊಂಡವರು. ನಮ್ಮಂತೆ ಅವರೂ ವಲಸಿಗರೇ.

ಬ್ರಾಕನ್‌ಹೈಮ್‌ನಿಂದ ಮಂಗಳೂರಿಗೆ

ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ 1811ರ ಮೇ 29ರಂದು ಮೊಗ್ಲಿಂಗ್ ಹುಟ್ಟಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದರು. ಓದಿದ್ದಕ್ಕೆ ತಕ್ಕಂತೆ ಊರಲ್ಲೇ ಒಂದು ಸಭೆಯ ಪಾದ್ರಿಯಾಗಿ ನೆಮ್ಮದಿಯಿಂದ ಇರಬಹುದಿತ್ತು. ಆದರೆ ಬಾಸೆಲ್ ಮಿಷನ್ ಸೇರಿದರು. ಆ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಮೊಗ್ಲಿಂಗ್ ಬಂದದ್ದು 1836ರಲ್ಲಿ. ಆಗ ಅವರಿಗೆ 25 ವರ್ಷ. ನಾನು ಎಂಟೆಕ್ ಮುಗಿಸಿ ಮೊದಲ ಆಫರ್ ಲೆಟರ್ ಹಿಡಿದು ಸಂಬಳದ ಲೆಕ್ಕ ಹಾಕುತ್ತಿದ್ದ ವಯಸ್ಸು ಅದು.

ಬಂದವರು ಮೊದಲು ಮಾಡಿದ್ದು ಕನ್ನಡ ಕಲಿತದ್ದು. ಕೆಲಸ ಸಾಗಿಸುವಷ್ಟು ಕಲಿತು ಬಿಡಲಿಲ್ಲ. ಗಾದೆ, ಪುರಾಣ, ದಾಸರ ಪದ, ಷಟ್ಪದಿ ಎಲ್ಲದರೊಳಗೆ ಇಳಿದರು. ನಾನು ರಾಮನಗರಕ್ಕೆ ಬಂದು ಮೂರು ವರ್ಷವಾಯಿತು. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಹಿಂದಿ ಬರುತ್ತದೆ. ಪಕ್ಕದ ಮನೆಯ ಅಜ್ಜಿ ಭೋಜಪುರಿಯಲ್ಲಿ ತನ್ನ ಕಷ್ಟ ಹೇಳಿಕೊಂಡರೆ ತಲೆಯಾಡಿಸುತ್ತೇನೆ, ಅರ್ಥವಾಗಿರುವುದಿಲ್ಲ. ಇನ್ನೊಬ್ಬರ ಭಾಷೆ ಕಲಿಯುವುದು ಅವರಿಗಾಗಿ ಸಮಯ ಎತ್ತಿಡುವುದಕ್ಕೆ ಇನ್ನೊಂದು ಹೆಸರು ಎಂಬುದು ನನಗೆ ಈಗ ತಿಳಿಯುತ್ತಿದೆ.

ಮಂಗಳೂರಿನಲ್ಲಿ ಮೊಗ್ಲಿಂಗ್ ಹುಡುಗರಿಗಾಗಿ ಶಾಲೆ ಕಟ್ಟಿದರು. ಮುಂದೆ ಅದು ಬಲ್ಮಠದ ಸೆಮಿನರಿಯಾಗಿ ಬೆಳೆಯಿತು. ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಬೇರು ಅಲ್ಲಿದೆ. ಅವರು ಗಂಟೆ ಹೊಡೆದಾಗ ಬಂದು ಪಾಠ ಮುಗಿಸಿ ಬಂಗಲೆಗೆ ಹೋಗುವ ದೊರೆ ಆಗಿರಲಿಲ್ಲ. ಹುಡುಗರ ಜೊತೆಯಲ್ಲೇ ವಾಸ, ಅವರ ಜೊತೆಯಲ್ಲೇ ಊಟ. ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಹೆಸರು ಹಿಡಿದು ಕರೆದು, ಜೊತೆಯಲ್ಲಿ ನಡೆದು, ಉಂಡು, ದೋಣಿಯಲ್ಲಿ ಮಲಗಿ ಕಲಿಸಿದ ರೀತಿಯೂ ಇದೇ ಅಲ್ಲವೇ?

1843ರ ಜುಲೈ 1ರಂದು ಅವರು ಮಂಗಳೂರ ಸಮಾಚಾರ ತಂದರು. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟ, ಎರಡು ವಾರಕ್ಕೊಮ್ಮೆ. ಊರಿನ ಸುದ್ದಿ, ಪರಸ್ಥಳದ ಸುದ್ದಿ, ಕಥೆ, ನೀತಿ ಎಲ್ಲ ಇರುತ್ತಿತ್ತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವಾಯಿತು, ಹೆಚ್ಚು ದಿನ ಬಾಳಲಿಲ್ಲ. ಆದರೂ ಮೊದಲ ಸಂಚಿಕೆಯ ದಿನವನ್ನು ನಾವಿನ್ನೂ ಆಚರಿಸುತ್ತಿದ್ದೇವೆ.

ಒಬ್ಬ ಸ್ನೇಹಿತ, ಒಂದು ಮುರಿದ ಮನೆ

ಮೊಗ್ಲಿಂಗರ ಬದುಕಿನಲ್ಲಿ ಓದುವಾಗ ನನಗೆ ಕಷ್ಟವಾಗುವ ಭಾಗ ಒಂದಿದೆ. ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ.

ಅವರ ಇಂಗ್ಲಿಷ್ ಶಾಲೆಗೆ ಬರುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ. ಮೊಗ್ಲಿಂಗರಿಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಗುರು ಶಿಷ್ಯರ ನಡುವೆ ಗಾಢ ಸ್ನೇಹ ಬೆಳೆಯಿತು. 1844ರ ಜನವರಿಯಲ್ಲಿ ಆನಂದರಾವ್ ಇನ್ನಿಬ್ಬರು ತರುಣರೊಂದಿಗೆ ದೀಕ್ಷಾಸ್ನಾನ ಪಡೆದರು, ಗುರುವಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಮಂಗಳೂರು ಕೆರಳಿತು. ಅಧಿಕಾರಿಗಳು ರಕ್ಷಣೆ ಕೊಡಬೇಕಾಯಿತು. ಕೌಂಡಿನ್ಯರ ಚಿಕ್ಕ ವಯಸ್ಸಿನ ಹೆಂಡತಿ ಅವರ ಜೊತೆ ಬರಲಿಲ್ಲ.

ನಮ್ಮ ಸಭೆಯಲ್ಲಿ ಈ ಕಥೆಯನ್ನು ಯಾವಾಗಲೂ ವಿಜಯದ ಕಥೆಯಾಗಿ ಹೇಳುತ್ತಿದ್ದರು. ಈಗ ನನಗೂ ಮದುವೆಯಾಗಿದೆ, ಮಗಳ ಅಪ್ಪನಾಗಿ ಯೋಚಿಸುವ ವಯಸ್ಸಿಗೆ ಹತ್ತಿರ ಬಂದಿದ್ದೇನೆ. ಆ ಮನೆಯ ಒಳಗಿನಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಮಗನಿದ್ದೂ ಇಲ್ಲದಂತಾದ ಹಿರಿಯರು, ಗಂಡ ಬದುಕಿದ್ದೂ ಒಂಟಿಯಾದ ಹುಡುಗಿ. ಒಂದು ಸಂಬಂಧಕ್ಕೆ ಪೂರ್ತಿಯಾಗಿ ಒಪ್ಪಿಸಿಕೊಂಡಾಗ ಇನ್ನೊಂದು ಸಂಬಂಧ ಅದರ ಬೆಲೆ ತೆರಬಹುದು. ಆ ಹುಡುಗಿಯ ಹೆಸರನ್ನು ನಮ್ಮ ಭಾನುವಾರದ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಆದರೆ ಮೊಗ್ಲಿಂಗರ ಕಡೆಯಿಂದ ಒಂದು ಮಾತು ಹೇಳಬೇಕು. ಮನೆ ಬಿಟ್ಟು ಬಂದ ಹುಡುಗನನ್ನು ಅವರು ವರದಿಯ ಒಂದು ಅಂಕಿ ಮಾಡಿ ಬಿಡಲಿಲ್ಲ. ಎರಡು ವರ್ಷದ ನಂತರ ಕೌಂಡಿನ್ಯರನ್ನು ಯುರೋಪಿಗೆ ಕರೆದುಕೊಂಡು ಹೋದರು. ಕೌಂಡಿನ್ಯ ಬಾಸೆಲ್‌ನಲ್ಲಿ ಓದಿದರು. 1851ರಲ್ಲಿ ಮರಳಿದಾಗ ದೀಕ್ಷೆ ಪಡೆದ ಮಿಷನರಿಯಾಗಿ, ಬಿಳಿಯರ ಸಾಲಿನಲ್ಲೇ ನಿಂತರು. ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ಮುಂದೆ 1860ರಲ್ಲಿ ಕೌಂಡಿನ್ಯರು ಮರಿಯಾ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. 1893ರಲ್ಲಿ ತೀರಿಕೊಳ್ಳುವವರೆಗೂ ಅವರು ಸಭೆಯ ಕೆಲಸದಲ್ಲೇ ಇದ್ದರು. ಗುರು ಶಿಷ್ಯರ ಆ ಸ್ನೇಹ ಗುರುವಿನ ಸಾವಿನವರೆಗೂ ಕಡಿಯಲಿಲ್ಲ.

ಹೊರಟ ಹೆಜ್ಜೆ ಹಿಂದಕ್ಕೆ

1848ರಿಂದ ಮೊಗ್ಲಿಂಗ್ ಇನ್ನೊಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಕನ್ನಡದ ಹಳೆಯ ಕಾವ್ಯಗಳನ್ನು, ದಾಸರ ಪದಗಳನ್ನು ಅಚ್ಚು ಮಾಡುವ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆ. ಖರ್ಚಿಗೆ ನೆರವಾದವರು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಕೆಲಸದಲ್ಲಿ ಹೆಗಲು ಕೊಟ್ಟವರು ಗಾಟ್‌ಫ್ರೀಡ್ ವೈಗ್ಲೆ. ವೈಗ್ಲೆ ಸತ್ಯವೇದದ ಕನ್ನಡ ಅನುವಾದವನ್ನು ತಿದ್ದುವ ಕೆಲಸದಲ್ಲೂ ತೊಡಗಿದ್ದವರು, ಮೊಗ್ಲಿಂಗರ ಆಪ್ತ ಸ್ನೇಹಿತ. ಪರಧರ್ಮದ ಪುರಾಣಗಳನ್ನು, ಕೃಷ್ಣನ ಮೇಲಿನ ಹಾಡುಗಳನ್ನು ಒಬ್ಬ ಪಾದ್ರಿ ಏಕೆ ಅಚ್ಚು ಮಾಡಬೇಕು? ಜನರನ್ನು ಪ್ರೀತಿಸುತ್ತೇನೆ ಎನ್ನುವವನು ಅವರು ಏನು ಹಾಡುತ್ತಾರೆಂದು ತಿಳಿಯದೆ ಇರಲಾರ ಎಂಬುದು ನಾನು ಕಂಡುಕೊಂಡ ಉತ್ತರ. ಈ ಕೆಲಸಕ್ಕೆ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. 1853ರಲ್ಲಿ ಅವರು ಊರಿಗೆ ಮರಳುವ ಯೋಚನೆಯಲ್ಲಿದ್ದರು. ಆಗ ಕೊಡಗಿನ ಅಲಮಂಡ ಮನೆತನದ ಸೋಮಯ್ಯ ಎಂಬವರು ಮಂಗಳೂರಿಗೆ ಬಂದು ದೀಕ್ಷಾಸ್ನಾನ ಕೇಳಿದರು. ಒಬ್ಬ ಮನುಷ್ಯ ಕೇಳಿದ್ದಕ್ಕೆ ಮೊಗ್ಲಿಂಗ್ ತಮ್ಮ ಪ್ರಯಾಣವನ್ನೇ ಬದಲಿಸಿದರು. ಯುರೋಪಿನ ಬದಲು ಘಟ್ಟ ಹತ್ತಿದರು. ನನ್ನ ಟಿಕೆಟ್ ಬುಕ್ ಆಗಿದ್ದರೆ ನಾನು ನನ್ನ ತಮ್ಮನಿಗಾಗಿಯಾದರೂ ಅದನ್ನು ಬದಲಿಸುತ್ತಿದ್ದೆನೇ ಎಂದು ಕೇಳಿಕೊಂಡಿದ್ದೇನೆ.

ಕೊಡಗಿನ ಇತಿಹಾಸ, ಜನಜೀವನದ ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕ ಕೂರ್ಗ್ ಮೆಮೊಯಿರ್ಸ್ 1855ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿ ಅವರ ಮನಸ್ಸು ಹೆಚ್ಚು ಹರಿದದ್ದು ತಲೆತಲಾಂತರದಿಂದ ಜೀತಕ್ಕಿದ್ದ ಹೊಲೆಯ ಸಮುದಾಯದ ಕುಟುಂಬಗಳ ಕಡೆಗೆ. ಅವರಿಗಾಗಿ ಅಮ್ಮತ್ತಿಯ ಕಡೆ ಜಾಗ ಮಾಡಿ ಒಂದು ಊರು ಕಟ್ಟಿದರು. ಅದೇ ಆನಂದಪುರ. ಆ ಹೆಸರು ಕೇಳಿದಾಗಲೆಲ್ಲ ನನಗೆ ಆನಂದರಾವ್ ನೆನಪಾಗುತ್ತಾರೆ. ಕೌಂಡಿನ್ಯರೂ ಆ ಊರಿನ ಕೆಲಸಕ್ಕೆ ಹೆಗಲು ಕೊಟ್ಟರು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರೂ ಟ್ಯೂಬಿಂಗನ್ನಿನ ಪಂಡಿತರೂ ಜೀತದಿಂದ ಬಂದವರೂ ಒಂದೇ ಪ್ರಾರ್ಥನಾಲಯದಲ್ಲಿ ಕೂತರು.

ಸ್ನೇಹಿತನ ಮನೆ

1855ರಲ್ಲಿ ವೈಗ್ಲೆ ಮಂಗಳೂರಿನಲ್ಲಿ ತೀರಿಕೊಂಡರು. ಇನ್ನೂ ನಲವತ್ತಾಗಿರಲಿಲ್ಲ. ಹೆಂಡತಿ ಪೌಲೀನ್ ಮಕ್ಕಳೊಂದಿಗೆ ಪರದೇಶದಲ್ಲಿ ಒಂಟಿಯಾದರು.

ಬಾಸೆಲ್ ಮಿಷನ್ನಿನಲ್ಲಿ ಮದುವೆಗೆ ಬಿಗಿಯಾದ ನಿಯಮಗಳಿದ್ದವು. ಸಾಮಾನ್ಯವಾಗಿ ಮಿಷನರಿ ಅವಿವಾಹಿತನಾಗಿಯೇ ಹೊರಡಬೇಕು. ಕೆಲವು ವರ್ಷ ಸೇವೆಯಾದ ಮೇಲೆ ಕಮಿಟಿಯ ಅನುಮತಿ ಬೇಡಬೇಕು. ವಧುವನ್ನೂ ಕಮಿಟಿ ಒಪ್ಪಬೇಕು. ಒಮ್ಮೆಯೂ ಕಣ್ಣಾರೆ ನೋಡದ ವರನಿಗಾಗಿ ಎಷ್ಟೋ ಹೆಣ್ಣುಮಕ್ಕಳು ಹಡಗು ಹತ್ತಿ, ಬಂದರಿನಲ್ಲಿ ಮೊದಲ ಸಲ ಮುಖ ನೋಡಿದರು. ಆ್ಯಪ್‌ನಲ್ಲಿ ಬೆರಳು ಸವರಿ ಮುಖ ಆರಿಸುವ ನಮಗೆ ಇದು ವಿಚಿತ್ರ ಎನಿಸಬಹುದು. ಆದರೆ ಅವರು ಮೊದಲು ಮಾತು ಕೊಡುತ್ತಿದ್ದರು, ಪ್ರೀತಿಯನ್ನು ಆಮೇಲೆ ದುಡಿದು ಬೆಳೆಸುತ್ತಿದ್ದರು. ಅದರಲ್ಲಿ ನರಳಿದ ಹೆಣ್ಣುಮಕ್ಕಳೂ ಇದ್ದಿರಲೇಬೇಕು, ಆ ಪದ್ಧತಿಯನ್ನು ಹೊಗಳಲು ನಾನು ಹೊರಟಿಲ್ಲ. ಮೊಗ್ಲಿಂಗ್ ಮಾತ್ರ ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ.

ವೈಗ್ಲೆ ಸತ್ತ ಮೇಲೆ ಅವರು ಪೌಲೀನ್ ಅವರನ್ನು ಮದುವೆಯಾದರು. ಸ್ನೇಹಿತ ಬಿಟ್ಟುಹೋದ ಮನೆಗೆ ಆಸರೆಯಾದರು. ಅದು ಪ್ರೇಮವೋ ಕರ್ತವ್ಯವೋ ಎಂದು ಬಿಡಿಸಿ ಹೇಳುವ ಅಧಿಕಾರ ನಮಗಿಲ್ಲ. ಎರಡೂ ಒಂದೇ ಆಗುವುದೂ ಉಂಟು. ಅದರ ಪುರಾವೆ ನಂತರದ ವರ್ಷಗಳಲ್ಲಿದೆ. ಪೌಲೀನ್ ಅವರ ಆರೋಗ್ಯ ಕೆಟ್ಟಿತು. 1860ರಲ್ಲಿ ಮೊಗ್ಲಿಂಗ್ ಹೆಂಡತಿಯನ್ನು ಕರೆದುಕೊಂಡು ಜರ್ಮನಿಗೆ ಹೊರಟರು. 24 ವರ್ಷ ಕಟ್ಟಿದ ಕೆಲಸ, ಸ್ನೇಹಿತರು, ಆನಂದಪುರ ಎಲ್ಲವೂ ಹಿಂದೆ ಉಳಿಯಿತು. ತಮ್ಮ ಕಾಯಿಲೆಯಲ್ಲಿ ಊರಿಗೆ ಹೋಗದೆ ಕೊಡಗಿಗೆ ಹೋದವರು ಹೆಂಡತಿಯ ಕಾಯಿಲೆಗೆ ಮರುಮಾತಿಲ್ಲದೆ ಹೊರಟರು. ಅವರು ಮತ್ತೆ ಕರ್ನಾಟಕಕ್ಕೆ ಬರಲಿಲ್ಲ.

ಬರಲಿಲ್ಲ, ಆದರೆ ಬಿಡಲೂ ಇಲ್ಲ. ಜರ್ಮನಿಯಲ್ಲಿ ಪಾದ್ರಿ ಕೆಲಸ ಮಾಡುತ್ತಲೇ ದಾಸರ ಪದಗಳನ್ನು, ಜೈಮಿನಿ ಭಾರತದ ಭಾಗವನ್ನು ಜರ್ಮನ್ ಭಾಷೆಗೆ ತಂದು ಅಲ್ಲಿನ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ ಕೆಲಸದ ಬೆನ್ನಿಗೆ ನಿಂತರು. ಕಿಟೆಲ್ ನಿಘಂಟು ಹೊರಬಂದದ್ದು 1894ರಲ್ಲಿ. ಅದನ್ನು ನೋಡಲು ಮೊಗ್ಲಿಂಗ್ ಇರಲಿಲ್ಲ. 1881ರ ಮೇ 10ರಂದು, ಎಪ್ಪತ್ತು ತುಂಬಲು 19 ದಿನ ಇರುವಾಗ, ಎಸ್ಲಿಂಗನ್‌ನಲ್ಲಿ ತೀರಿಕೊಂಡಿದ್ದರು. ಮರುವರ್ಷ ಅವರ ಜೀವನ ಚರಿತ್ರೆ ಬರೆದವರು ಹಳೆಯ ಗೆಳೆಯ, ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್. ಗುಂಡರ್ಟ್ ಭಾರತಕ್ಕೆ ಬಂದದ್ದೂ ಅದೇ 1836ರಲ್ಲಿ. ನನ್ನ ಬಗ್ಗೆ ಒಂದು ಪುಟ ಬರೆಯುವಷ್ಟು ನನ್ನನ್ನು ಬಲ್ಲ ಗೆಳೆಯ ಇಂದು ಯಾರಿದ್ದಾನೆ ಎಂದು ಯೋಚಿಸಿದೆ. ಒಬ್ಬನಿದ್ದ. ಅವನಿಗೆ ನಾನು ಕೈಮುಗಿದ ಚಿತ್ರ ಕಳಿಸಿದ್ದೆ.

ನನ್ನ ನೇಮ

ನಮ್ಮಂಥ ವಲಸಿಗರಿಗೆ ಒಂದು ಸಬೂಬು ಸದಾ ಸಿದ್ಧವಿರುತ್ತದೆ. ದೂರ ಇದ್ದೇವೆ, ಸಮಯವಿಲ್ಲ, ಮನಸ್ಸಿನಲ್ಲಿ ಪ್ರೀತಿಯಿದೆ. ಮೊಗ್ಲಿಂಗರ ಕಾಲದಲ್ಲಿ ಊರಿನಿಂದ ಒಂದು ಪತ್ರ ಬರಲು ತಿಂಗಳುಗಳು ಹಿಡಿಯುತ್ತಿದ್ದವು. ನನ್ನ ಫೋನಿನಲ್ಲಿ ಗೆಳೆಯನ ಹೆಸರು ಒತ್ತಿದರೆ ಮೂರು ಸೆಕೆಂಡು. ಸಂಬಂಧ ತಾನಾಗಿ ಉಳಿಯುತ್ತದೆ ಎಂದು ನಂಬಿದ್ದು ನನ್ನ ತಪ್ಪು. ಸರ್ವರ್ ತಾನಾಗಿ ಓಡುತ್ತದೆ ಎಂದು ನಂಬುವ ಎಂಜಿನಿಯರನ್ನು ನಾನೇ ಬೈಯುತ್ತಿದ್ದೆ.

ದಸರೆಯ ಮರುದಿನ ಸಂಜೆ ಬಾಬೂಜಿ ಆಸನ ಹಿಡಿದು ಹೊರಟಾಗ ನಾನು ಮಹಡಿ ಹತ್ತಿ ಫೋನ್ ಮಾಡಿದೆ. ಗೆಳೆಯ ಎತ್ತಿದ. ಏನು ಹೇಳಬೇಕೆಂದು ಬರೆದಿಟ್ಟುಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ತಡವಾಯಿತು, ಕ್ಷಮಿಸು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಪರವಾಗಿಲ್ಲ ಅನ್ನಲಿಲ್ಲ. ಬೇಸರವಾಗಿತ್ತು ಅಂದ, ಆ ಮೂರು ದಿನ ಆಸ್ಪತ್ರೆಯಲ್ಲಿ ಕೂತಿದ್ದನ್ನು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು, ನಿನ್ನನ್ನು ಕೇಳುತ್ತಿದ್ದರು ಅಂದ. ನನಗೆ ಉತ್ತರವಿರಲಿಲ್ಲ. ಕಟ್ ಮಾಡುವ ಮೊದಲು ಮುಂದಿನ ಭಾನುವಾರ ಇದೇ ಹೊತ್ತಿಗೆ ಮಾಡುತ್ತೇನೆ ಅಂದೆ. ನೋಡೋಣ ಅಂದ.

ಆಮೇಲೆ ಏಳು ಭಾನುವಾರ ಕಳೆದಿವೆ. ಏಳೂ ಸಲ ಮಾಡಿದ್ದೇನೆ. ಎರಡು ಸಲ ಅವನು ಎತ್ತಲಿಲ್ಲ. ಹೆಂಡತಿಯೊಂದಿಗೂ ಒಂದು ಕರಾರಾಗಿದೆ. ಬುಧವಾರ ಸಂಜೆ ನನಗೆ ಮೀಟಿಂಗ್ ಇಲ್ಲ, ಅವಳು ಬರುವ ಹೊತ್ತಿಗೆ ಸೇತುವೆಯ ಈಚೆ ತುದಿಯಲ್ಲಿ ನಿಂತಿರುತ್ತೇನೆ, ಇಬ್ಬರೂ ಕೋಟೆಯ ಹತ್ತಿರ ಲಸ್ಸಿ ಕುಡಿದು ನಡೆದು ಮನೆಗೆ ಬರುತ್ತೇವೆ. ಮೊದಲ ಬುಧವಾರ ಮಾತೇ ಸಿಗಲಿಲ್ಲ, ಆಸ್ಪತ್ರೆಯ ಸುದ್ದಿ, ಗ್ಯಾಸ್ ಸಿಲಿಂಡರ್ ಸುದ್ದಿ ಅಷ್ಟೆ. ಮೂರನೆಯ ಬುಧವಾರ ಅವಳು ತಾನಿಲ್ಲಿ ಎಷ್ಟು ಒಂಟಿಯಾಗಿದ್ದೇನೆಂದು ಹೇಳಿದಳು. ಮೂರು ವರ್ಷದಿಂದ ಅದೇ ಮನೆಯಲ್ಲಿದ್ದ ನನಗೆ ಅದು ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ಕ್ರಿಸ್ಮಸ್‌ಗೆ ಊರಿಗೆ ಹೋಗುತ್ತೇವೆ. ಮಂಗಳೂರಿನಿಂದ ಅಮ್ಮತ್ತಿಗೆ ಬಸ್ಸಿನಲ್ಲಿ ಹೋಗಿ ಗೆಳೆಯನ ಮನೆಯಲ್ಲಿ ಮೂರು ದಿನ ಇರುವುದೆಂದು ತೀರ್ಮಾನವಾಗಿದೆ. ಅವನ ಅಪ್ಪ ನನ್ನ ಹತ್ತಿರ ಕೂತದ್ದೂ ಮೂರು ದಿನವೇ. ಅವನಿಗೆ ಇದನ್ನು ಹೇಳಿದಾಗ, ಕಾಫಿ ಕೊಯ್ಲಿನ ಸಮಯ, ಬಂದರೆ ಕೆಲಸ ಕೊಡುತ್ತೇನೆ ಅಂದ. ಕೊಡಲಿ.